ಐದೈದು ಹನಿ

ಫೆಬ್ರುವರಿ ೩

ಪ್ರೀತಿಯ ಅಣ್ಣನಿಗೆ,

ಜನವರಿಯಲ್ಲಿ ನೀನು ಬರೆದ ಕಾಗದ ನಿನ್ನೆ ಸಿಕ್ಕಿತು. ಹತ್ತು ದಿನ ಹಿಡಿದಿದೆ. ಅಂಚೆ ದೋಣಿಯವನು ಅದರ ಮೇಲೆಯೇ ಕೂತು ಬಂದಿರಬೇಕು, ಅಷ್ಟು ಸುಕ್ಕಾಗಿತ್ತು. ಅಮ್ಮ ಹೇಗಿದ್ದಾಳೆ ಎಂದು ನೀನು ಯಾವಾಗಲೂ ಕೇಳುವುದು ಕೊನೆಯ ಸಾಲಿನಲ್ಲಿ, ಅದೂ ದಾರಿಯಲ್ಲಿ ಏನೋ ಮರೆತದ್ದು ನೆನಪಾದವನ ಹಾಗೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅಮ್ಮನ ಕಾಲಿನ ಬಾವು ಇಳಿದಿದೆ. ಡಾಕ್ಟರು ಹೃದಯಕ್ಕೆಂದು ಕೊಟ್ಟ ಹನಿಯೌಷಧಿ ಎರಡು ತಿಂಗಳಿನಿಂದ ನಡೆಯುತ್ತಿದೆ. ಬೆಳಿಗ್ಗೆ ಹತ್ತು ಹನಿ, ಸಂಜೆ ಹತ್ತು ಹನಿ, ಗುಟುಕು ನೀರಿನಲ್ಲಿ. ಮೊದಲಿನಂತೆ ಏದುಸಿರು ಬರುವುದಿಲ್ಲ. ಆದರೆ ಊಟ ಸೇರುತ್ತಿಲ್ಲ, ತಟ್ಟೆ ನೋಡಿದರೇ ಮುಖ ಕಿವಿಚುತ್ತಾಳೆ. ಕೆಳಗಿನ ಬಣ್ಣದ ಮನೆಗೆ ಇಳಿಯುವುದನ್ನು ಬಿಟ್ಟೇ ಬಿಟ್ಟಿದ್ದಾಳೆ. ಮಹಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಬಣ್ಣ ಹಾಕಿ ಒಣಗಿಸಿದ ಉಣ್ಣೆಯ ಲಡಿಗಳನ್ನು ಒಂದೊಂದಾಗಿ ತರಿಸಿಕೊಂಡು ಪರೀಕ್ಷೆ ಮಾಡುತ್ತಾಳೆ. ಹದಿಮೂರು ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆಯಿತು.

ಈಗೊಂದು ಹೊಸ ವಿಚಾರ. ಹೋದ ವಾರ ಹಾಲಿನ ಲೋಟ ಕೊಟ್ಟರೆ, "ಇದಕ್ಯಾಕೆ ಬಣ್ಣ ಹಾಕ್ದೆ?" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅಂದಿನಿಂದ ಅವಳಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಹಳದಿ. ಗೋಡೆ, ದಿಂಬು, ನನ್ನ ಮುಖ, ಎದುರು ಮನೆಯ ಬಾಗಿಲು. ಮಧ್ಯಾಹ್ನ ಹನ್ನೆರಡು ಗಂಟೆಗೇ "ಎಂಥಾ ಸಂಜೆ ನೋಡೇ" ಅನ್ನುತ್ತಾಳೆ. ಹೇಳುವಾಗ ಅವಳ ಮುಖ ಎಷ್ಟು ಮೆತ್ತಗಿರುತ್ತದೆ ಎಂದರೆ, ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ತೊಂದರೆ ಇರುವುದು ಲಡಿಗಳಲ್ಲಿ. ಹಸಿರು ತೋರಿಸಿದರೆ "ಹಳದಿ ಹೆಚ್ಚಾಯ್ತು, ನೀಲಿ ಸಾಲ್ದು, ಇನ್ನೊಂದು ಸಲ ಅದ್ದು" ಅನ್ನುತ್ತಾಳೆ. ನನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ನಲವತ್ತು ವರ್ಷ ತಪ್ಪದ ಕಣ್ಣು ಅದು. ತಪ್ಪಿದ್ದರೆ ನನ್ನದೇ ಇರಬೇಕು ಎಂದು ಹೋಗಿ ಅದ್ದುತ್ತೇನೆ.

ನಿನ್ನ ಗುಬ್ಬಿ


ಫೆಬ್ರುವರಿ ೧೩

ಗುಬ್ಬೀ,

ನಿನ್ನ ಕಾಗದವನ್ನು ದೋಣಿಯಲ್ಲಿ ಓದಿದೆ. ನೀರು ಅಲುಗದ ಹೊತ್ತು. ಇಲ್ಲಿ ಜಲಾಶಯ ಕಟ್ಟುವ ಮೊದಲು ಒಂದು ಬೀದಿ ಇತ್ತಂತೆ, ಅದು ಈಗಲೂ ತಳದಲ್ಲಿದೆ. ನೀರು ತಿಳಿಯಾದ ದಿನ ಬಗ್ಗಿ ನೋಡಿದರೆ ಒಂದು ಮನೆಯ ಮೆಟ್ಟಿಲು, ಕಲ್ಲಿನ ಬೆಂಚು, ಎರಡು ದೀಪದ ಕಂಬ ಕಾಣುತ್ತವೆ. ಮೀನುಗಳು ಬೆಂಚಿನ ಮೇಲೆ ಕೂರುವುದಿಲ್ಲ ಅನ್ನುವುದೊಂದೇ ಕೊರತೆ. ಆ ಬೀದಿಯ ಮೇಲೆ ತೇಲುತ್ತಾ ಅಮ್ಮನ ಹಳದಿ ಮಧ್ಯಾಹ್ನದ ಬಗ್ಗೆ ಓದಿದಾಗ, ನಾನೂ ಯಾರದ್ದೋ ನಿದ್ದೆಯೊಳಗೆ ಕೂತಿದ್ದೇನೆ ಅನಿಸಿತು.

ಲಡಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿಲ್ಲ ನೀನು. ಜಾಣೆ. ಹಸಿರಿಗೂ ಕಂದಿಗೂ ವ್ಯತ್ಯಾಸ ಕಾಣದವನ ಮಾತು ಬಣ್ಣದ ಮನೆಯಲ್ಲಿ ಯಾರಿಗೆ ಬೇಕು? ರತ್ನಗಂಬಳಿ ನೇಯುವವರ ಹಸಿರು ಉಣ್ಣೆಯನ್ನೆಲ್ಲಾ ನಾನು ಕಂದು ಮಾಡಿಟ್ಟ ದಿನ ಅಮ್ಮ ಅದನ್ನು ಅಂಗಳಕ್ಕೆಸೆದು, ಎಲ್ಲರೆದುರು "ಕಣ್ಣಿಲ್ಲದವನನ್ನ ಹೆತ್ತೆ" ಅಂದದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಚಿಕ್ಕವಳು. ಹನ್ನೊಂದು ವರ್ಷವಾಯಿತು. ಇಲ್ಲಿ ಕೆಲಸ ಸುಲಭ. ಅಳತೆಗಲ್ಲಿನ ಗೆರೆಗಳು ಕಪ್ಪು, ಕಲ್ಲು ಬಿಳಿ. ಹೊಳೆ ಎಷ್ಟು ತಂದಿತು, ಗೇಟಿನಿಂದ ಎಷ್ಟು ಹೋಯಿತು, ನೀರು ಯಾವ ಗೆರೆಯಲ್ಲಿದೆ, ಇಷ್ಟು ಬರೆದಿಟ್ಟರೆ ಆಯಿತು.

ಈ ಸಲ ಹೊಳೆ ಬಹಳ ತರುತ್ತಿದೆ. ಯೋಚಿಸುವಂಥದ್ದೇನೂ ಇಲ್ಲ.

ಅಮ್ಮನಿಗೆ ನಾನು ಕೇಳಿದೆ ಎಂದು ಹೇಳು. ಅವಳು ಕೇಳಿದರೆ ಮಾತ್ರ.

ಅಣ್ಣ


ಫೆಬ್ರುವರಿ ೨೪

ಪ್ರೀತಿಯ ಅಣ್ಣನಿಗೆ,

ನನಗೆ ನೆನಪಿದೆ. ನಾನು ಆಗ ಹನ್ನೆರಡರವಳು, ನೀನು ಅಂಗಳದಿಂದ ಲಡಿಗಳನ್ನು ಆರಿಸಿಕೊಂಡು ಮಡಚಿಟ್ಟದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೆ. ಅಷ್ಟು ಚಿಕ್ಕವಳು ಅಂದುಕೊಳ್ಳಬೇಡ ನನ್ನನ್ನು.

ಡಾಕ್ಟರು ನಮ್ಮ ಬೀದಿಗೆ ತಿಂಗಳಿಗೊಮ್ಮೆ ಬರುತ್ತಾರೆ. ಹದಿನಾಲ್ಕನೇ ತಾರೀಖು ಬಂದಿದ್ದರು. ಊಟ ಸೇರುವುದಿಲ್ಲ ಅಂದದ್ದಕ್ಕೆ ಹನಿಯನ್ನು ಅರ್ಧ ಮಾಡಿದ್ದಾರೆ. ಈಗ ಬೆಳಿಗ್ಗೆ ಐದು, ಸಂಜೆ ಐದು. "ಕಡಿಮೆ ಮಾಡಿದೀನಲ್ಲ, ಸರಿಹೋಗುತ್ತೆ" ಅಂದರು. ಹಳದಿಯ ಮಾತು ಎತ್ತುವಷ್ಟರಲ್ಲಿ ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಅವಳ ಕಣ್ಣಿನ ಬಗ್ಗೆ ಹೊರಗಿನವರ ಮುಂದೆ ಯಾರೂ ಚಕಾರವೆತ್ತುವ ಹಾಗಿಲ್ಲ. ನಾನೂ ಬಾಯಿ ಮುಚ್ಚಿಕೊಂಡೆ. ಈ ಮನೆ ನಿಂತಿರುವುದೇ ಆ ಕಣ್ಣಿನ ಮೇಲಲ್ಲವೇ?

ಹತ್ತು ದಿನವಾಯಿತು, ಹಳದಿ ಕಡಿಮೆಯಾಗಿಲ್ಲ. ಸ್ವಲ್ಪ ಹೆಚ್ಚೇ ಆಗಿದೆ. ಈಗ ಕಿಟಕಿಯ ಗಾಜಿನ ಸುತ್ತ, ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತದಂತೆ. ಮಾತು ನಿಧಾನವಾಗಿದೆ. ರತ್ನಗಂಬಳಿಯವರು ಹಸಿರು ಉಣ್ಣೆಯನ್ನು ವಾಪಸು ಕಳಿಸಿದರು, ಅಷ್ಟೂ ನೀಲಿ. "ಅಮ್ಮನವರಿಗೆ ಹುಷಾರಿಲ್ವಾ?" ಎಂದು ಗಾಡಿಯವನು ಕೇಳಿದ. ಹುಷಾರಾಗೇ ಇದ್ದಾರೆ ಅಂದೆ.

ಅಮ್ಮನಿಂದ ಅದನ್ನು ಮುಚ್ಚಿಡಲು ಆಗಲಿಲ್ಲ. ವಾಪಸಾದ ಲಡಿಯನ್ನು ಮಡಿಲಲ್ಲಿಟ್ಟುಕೊಂಡು ಎಳೆ ಎಳೆಯಾಗಿ ಬಿಡಿಸಿ ನೋಡಿದಳು. ಆಮೇಲೆ ಏನಂದಳು ಗೊತ್ತಾ? ಒಂದಕ್ಷರ ಬಿಡದೆ ಬರೆಯುತ್ತೇನೆ. "ಅವನಿಗೂ ಹೀಗೇ ಕಾಣ್ತಿತ್ತೇನೋ. ಎಲ್ಲಾ ಒಂದೇ ಥರ. ಪಾಪ, ಸುಮ್ನೆ ಬೈದ್ಬಿಟ್ಟೆ ನಾನು."

ಅವಳು ನಿನ್ನ ಸುದ್ದಿಯನ್ನು ತಾನಾಗಿ ಎತ್ತಿದ್ದು ಇದೇ ಮೊದಲು.

ಗುಬ್ಬಿ


ಮಾರ್ಚ್ ೫

ಗುಬ್ಬೀ,

ಮೊದಲು ನಗುವಂಥದ್ದೊಂದು ಹೇಳುತ್ತೇನೆ. ಹೊಳೆಯ ರಭಸ ಇಳಿದಿದೆ. ನಿಮಿಷಕ್ಕೆ ನೂರು ಪೀಪಾಯಿ ನೀರು ಬರುತ್ತಿದ್ದದ್ದು ಐವತ್ತಕ್ಕೆ ಬಂದಿದೆ. ಕಚೇರಿಯ ದೊಡ್ಡ ಸಾಹೇಬರಿಗೆ ಅದನ್ನು ಬರೆದು, ಎರಡನೇ ಗೇಟನ್ನೂ ತೆರೆಯಲು ಅಪ್ಪಣೆ ಕೇಳಿದೆ. ಅವರ ಉತ್ತರ ಬಂತು: "ಒಳಹರಿವು ಅರ್ಧಕ್ಕಿಳಿದಿರುವುದರಿಂದ ಜಲಾಶಯದ ಮಟ್ಟವೂ ಇಳಿಮುಖವಾಗಿರುವುದೆಂದು ಭಾವಿಸಲಾಗಿದೆ." ಭಾವಿಸಲಾಗಿದೆಯಂತೆ! ಮೊದಲ ಗೇಟಿನಿಂದ ಹೋಗುವುದು ಮೂವತ್ತೇ ಪೀಪಾಯಿ. ಐವತ್ತು ಬಂದು ಮೂವತ್ತು ಹೋದರೆ ನೀರು ಏರುತ್ತದೆಯೋ ಇಳಿಯುತ್ತದೆಯೋ? ಮೊದಲು ಓಡುತ್ತಾ ಏರುತ್ತಿತ್ತು, ಈಗ ನಡೆಯುತ್ತಾ ಏರುತ್ತಿದೆ, ಅಷ್ಟೇ. ಎರಡು ಗೆರೆ ಮೇಲೆ ಬಂದಿದೆ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ, ಒಬ್ಬರ ತಲೆಗೂ ಹೋಗುವುದಿಲ್ಲ. ಎಲ್ಲರೂ ಹೊಳೆಯನ್ನು ನೋಡುತ್ತಾರೆ, ಕಲ್ಲನ್ನು ನೋಡುವವರಿಲ್ಲ.

ಈಗ ಅಮ್ಮ. ನೀನು ಬರೆದ ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆಮೇಲೆ ದೋಣಿ ತೆಗೆದುಕೊಂಡು ನೀರಿನ ನಡುವೆ ಹೋಗಿ ಸುಮ್ಮನೆ ಕೂತೆ. ಕೆಳಗೆ ಆ ಮನೆಯ ಮೆಟ್ಟಿಲು ಮಸುಕಾಗಿತ್ತು. ಯಾರೋ ಬಾಗಿಲು ತೆಗೆದು ಹೊರಗೆ ಬರುತ್ತಾರೆ ಅನಿಸುತ್ತಿತ್ತು. ಕಾಯುತ್ತಾ ಕೂತಿದ್ದೆ, ನಂಬುತ್ತೀಯಾ?

ನೀನು ತಲೆ ಕೆಡಿಸಿಕೊಳ್ಳಬೇಡ. ಡಾಕ್ಟರು ಹನಿಯನ್ನು ಅರ್ಧ ಮಾಡಿದ್ದಾರೆ, ಅಂದಮೇಲೆ ಹಳದಿಯೂ ತಾನಾಗಿ ಇಳಿಯುತ್ತದೆ. ತಾಳ್ಮೆಯಿರಲಿ. ಐದೈದು ಹನಿ ತಪ್ಪಿಸದೆ ಕೊಡು. ಅವಳನ್ನು ಗಾಬರಿಪಡಿಸಬೇಡ, ಅವಳ ಸಂಜೆ ಅವಳಿಗಿರಲಿ. ಮತ್ತೇನಾದರೂ ಅಂದರೆ ಬರೆ. ನನ್ನ ಬಗ್ಗೆ ಅಂತಲ್ಲ, ಏನಾದರೂ.

ಅಣ್ಣ


ಮಾರ್ಚ್ ೮

ಅಣ್ಣಾ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಕಾಯುವ ತಾಳ್ಮೆಯಿಲ್ಲದೆ ಬರೆಯುತ್ತಿದ್ದೇನೆ.

ಅಮ್ಮ ಹಗಲೆಲ್ಲಾ ಮಂಪರಿನಲ್ಲಿರುತ್ತಾಳೆ. ಕರೆದರೆ ಕಣ್ಣು ಬಿಟ್ಟು, ಬಹಳ ದೂರದಿಂದ ನಡೆದು ಬಂದವಳ ಹಾಗೆ ನೋಡುತ್ತಾಳೆ. ಕೋಣೆಯ ತುಂಬಾ ಜೇನಿನ ಬಣ್ಣದ ನೀರು ನಿಂತಿದೆಯಂತೆ, ಕುರ್ಚಿ ಅದರಲ್ಲಿ ತೇಲುತ್ತದಂತೆ. "ಕಾಲು ಎತ್ತಿ ಕೂತ್ಕೊಳ್ಳೇ, ಒದ್ದೆಯಾಗುತ್ತೆ" ಎಂದು ನನಗೆ ಹೇಳಿದಳು. ನಾನು ಕಾಲೆತ್ತಿ ಕೂತೆ. ಇಬ್ಬರೂ ಹಾಗೇ ಕೂತಿದ್ದೆವು, ಹೊರಗೆ ಗಾಡಿಗಳ ಸದ್ದು ಕೂಡ ನೀರಿನಡಿಯಿಂದ ಬಂದ ಹಾಗಿತ್ತು. ಒಂದು ಗಳಿಗೆ ನನಗೂ ಅದು ಚೆಂದ ಅನಿಸಿತು ಎಂದು ಹೇಳಿದರೆ ಬೈಯಬೇಡ.

ಆದರೆ ನಾಡಿ ಹಿಡಿದು ನೋಡಿದೆ. ನಿಮಿಷಕ್ಕೆ ನಲವತ್ತೆರಡು. ನನ್ನದು ಎಪ್ಪತ್ತೈದು ಇತ್ತು. ಮತ್ತೊಮ್ಮೆ ಎಣಿಸಿದೆ, ಅಷ್ಟೇ. ಅರ್ಧ ಮಾಡಿದ ಮೇಲೂ ಯಾಕೆ ಹೀಗೆ? ಔಷಧಿ ಕಡಿಮೆಯಾದದ್ದಕ್ಕೇ ಹೃದಯ ಸೋಲುತ್ತಿದೆಯೋ ಏನೋ. ಮತ್ತೆ ಹತ್ತು ಹನಿಗೆ ಏರಿಸಲೇ ಎಂದು ಯೋಚಿಸುತ್ತಿದ್ದೇನೆ. ಡಾಕ್ಟರು ಬರುವುದು ಹದಿನಾರಕ್ಕೆ.

ಗುಬ್ಬಿ


ಮಾರ್ಚ್ ೧೫

ಅಣ್ಣಾ,

ನಿನ್ನ ಐದನೇ ತಾರೀಖಿನ ಕಾಗದ ಇವತ್ತು ಬೆಳಿಗ್ಗೆ ಬಂತು. ನಿನ್ನ ಮೊದಲ ಪುಟವನ್ನು ನಿನ್ನ ಎರಡನೇ ಪುಟ ಓದಿಲ್ಲ.

ಸಾಹೇಬರ ಬಗ್ಗೆ ಓದಿ ನಗುತ್ತಿದ್ದೆ. ಕೈಯಲ್ಲಿ ಅಮ್ಮನ ಲೋಟವಿತ್ತು, ನಾಲ್ಕು ಹನಿ ಬಿದ್ದಿತ್ತು, ಐದನೆಯದು ಶೀಶೆಯ ಬಾಯಲ್ಲಿತ್ತು. ಐವತ್ತು ಬಂದು ಮೂವತ್ತು ಹೋದರೆ ಎಂದು ನೀನು ಕೇಳಿದ್ದೀಯಲ್ಲ, ಅಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟೆ. ಲೋಟವನ್ನು ಮೋರಿಗೆ ಸುರಿದೆ.

ನಿನಗೊಂದು ವಿಷಯ ಬರೆದಿರಲಿಲ್ಲ. ಅಣ್ಣನಿಗೆ ಬರೆಯುವ ಮಾತಲ್ಲ ಎಂದು ನಾಚಿಕೆಯಾಗಿ ಬಿಟ್ಟಿದ್ದೆ. ಡಾಕ್ಟರಿಗೂ ಹೇಳಿರಲಿಲ್ಲ. ಅಮ್ಮ ಎರಡು ತಿಂಗಳಿನಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. ಬಚ್ಚಲಿರುವುದು ಕೆಳಗೆ, ಹದಿಮೂರು ಮೆಟ್ಟಿಲು ಇಳಿಯಬೇಕಲ್ಲ ಎಂದು. ಮೊದಲು ದಿನಕ್ಕೆ ಐದಾರು ಸಲ ಕರೆದುಕೊಂಡು ಹೋಗುತ್ತಿದ್ದೆ. ಈಗ ಒಂದು ಸಲ, ಅದೂ ನೆಪಮಾತ್ರಕ್ಕೆ. ನನಗೆ ಓಡಾಟ ತಪ್ಪಿತು ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದಿಲ್ಲ.

ಒಳಗೆ ಹೋಗುವುದು ಅರ್ಧವಾಯಿತು ಎಂದು ನಾವೆಲ್ಲಾ ಕೂತೆವು, ನಾನು, ನೀನು, ಡಾಕ್ಟರು. ಹೊರಗೆ ಹೋಗುವುದು ಎಷ್ಟಾಗಿದೆ ಎಂದು ಯಾರೂ ನೋಡಲಿಲ್ಲ. ನಾನಂತೂ ಬಣ್ಣದವಳು. ಗಾಢ ನೀಲಿಯಲ್ಲಿ ಅದ್ದಿದ ಉಣ್ಣೆಯನ್ನು ಆಮೇಲೆ ತೆಳು ನೀಲಿಯಲ್ಲಿ ಅದ್ದಿದರೆ ಅದು ತೆಳುವಾಗುವುದಿಲ್ಲ, ಇನ್ನೂ ಗಾಢವಾಗುತ್ತದೆ ಎಂದು ಕೆಲಸಕ್ಕೆ ಬಂದ ಮೊದಲ ವಾರವೇ ಕಲಿತವಳು. ಆ ತಿಳಿವಳಿಕೆಯಿಂದಲೇ ಊಟ ಮಾಡುತ್ತೇನೆ. ಬೆಳಿಗ್ಗೆ ಐದು ಸಂಜೆ ಐದು ಎಂದು ನನ್ನ ಕೈಯಾರೆ ಅಮ್ಮನನ್ನು ಅದ್ದುತ್ತಾ ಬಂದಿದ್ದೇನೆ, ಅಣ್ಣಾ.

ಡಾಕ್ಟರು ಪಕ್ಕದ ಬಡಾವಣೆಯಲ್ಲೇ ಇದ್ದಾರೆಂದು ಗೊತ್ತಾಗಿ ಓಡಿದೆ. ಹಳದಿ, ನಾಡಿ, ಮೆಟ್ಟಿಲು, ಎಲ್ಲಾ ಹೇಳಿದೆ. ಅವರ ಮುಖ ಬಿಳುಪೇರಿತು. "ಒಂದು ಹನೀನೂ ಕೊಡ್ಬೇಡಿ. ಈ ಔಷಧಿ ಮೈಯಲ್ಲಿ ತುಂಬಿದ್ರೇನೇ ಹಾಗೆ ಕಾಣೋದು. ಹಳದಿ ಅಂತ ಮೊದಲೇ ಯಾಕಮ್ಮ ಹೇಳ್ಲಿಲ್ಲ?" ಅಂದರು. ಉಳಿಯುತ್ತಾಳಾ ಎಂದು ಕೇಳಿದೆ. ಈ ವಾರ ಕಳೆಯಲಿ ಅಂದರು.

ಗುಬ್ಬಿ


ಮಾರ್ಚ್ ೧೭

ಗುಬ್ಬೀ,

ಎಂಟನೇ ತಾರೀಖಿನ ಕಾಗದ ಈಗ ಬಂತು. ಹನಿ ಏರಿಸಬೇಡ. ಡಾಕ್ಟರನ್ನು ಎಲ್ಲಿದ್ದರೂ ಹುಡುಕಿಸು. ನಾನು ತಾಳ್ಮೆ ಎಂದು ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದುಹಾಕು. ಹೊರಡೋಣವೆಂದರೆ ನೀರು ಕಟ್ಟೆಯ ಅಂಚಿಗೆ ಎರಡು ಗೇಣಿದೆ, ಗೇಟಿನ ಬೀಗದ ಕೈ ನನ್ನೊಬ್ಬನ ಬಳಿ, ಕೆಳಗೆ ಜನರ ಮನೆಗಳಿವೆ. ನನ್ನ ಕೆಳಗಿನ ಕೋಣೆಗೆ ನೀರು ಬಂದು ಹದಿನೈದು ದಿನವಾಯಿತು. ನಿನಗೆ ಬರೆದಿರಲಿಲ್ಲ. ಬದಲಿ ಆಳು ಕಳಿಸಿ ಎಂದು ಕೇಳಿದ್ದೇನೆ.

ಅಣ್ಣ


ಮಾರ್ಚ್ ೨೧

ಅಣ್ಣಾ,

ನಿಲ್ಲಿಸಿ ಆರು ದಿನ. ಏನೂ ಬದಲಾಗಿಲ್ಲ.

ಹನಿ ನಿಲ್ಲಿಸಿದರೆ ಮಾರನೇ ದಿನ ಕಣ್ಣು ತಿಳಿಯಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ, ನೋಡು ನನ್ನ ಬುದ್ಧಿ. ಎರಡನೇ ದಿನ ಹಾಗೇ. ಮೂರನೇ ದಿನ ನಾಡಿ ಮೂವತ್ತೊಂಬತ್ತಕ್ಕೆ ಹೋಯಿತು. ಶೀಶೆ ಕಪಾಟಿನಲ್ಲಿದೆ, ದಿನಕ್ಕೆ ಹತ್ತು ಸಲ ಅದರ ಮುಂದೆ ಹೋಗಿ ನಿಲ್ಲುತ್ತೇನೆ. ನಿಲ್ಲಿಸಿದ್ದೇ ತಪ್ಪಾಯಿತೇ, ಎರಡೇ ಎರಡು ಹನಿ ಕೊಟ್ಟು ನೋಡಲೇ ಅನಿಸುತ್ತದೆ. ಡಾಕ್ಟರು ದಿನಾ ಬಂದು ಅದನ್ನೇ ಹೇಳುತ್ತಾರೆ: "ಮೂರು ತಿಂಗಳು ತುಂಬಿದ್ದು ಮೂರು ದಿನಕ್ಕೆ ಖಾಲಿಯಾಗುತ್ತಾ? ನೀರು ಕುಡಿಸ್ತಾ ಇರಿ." ಕೊನೆಗೆ ಶೀಶೆಯನ್ನು ಅವರ ಕೈಗೇ ಕೊಟ್ಟು ಕಳಿಸಿದೆ. ನನ್ನ ಮೇಲೆ ನನಗೆ ನಂಬಿಕೆಯಿರಲಿಲ್ಲ.

ಕೋಣೆಯಲ್ಲೇ ಬಚ್ಚಲಿನ ಏರ್ಪಾಡು ಮಾಡಿದ್ದೇನೆ. ಗಂಟೆಗೊಮ್ಮೆ ಅರ್ಧ ಲೋಟ ನೀರು, ಚಮಚದಲ್ಲಿ. ಕುಡಿಯುವಾಗ ನಿದ್ದೆಯಲ್ಲೇ ನಗುತ್ತಾಳೆ. ಎಲ್ಲಿದ್ದೀಯಮ್ಮಾ ಎಂದು ಕೇಳಿದರೆ, "ಇಲ್ಲೇ, ಬಿಸಿಲಲ್ಲಿ" ಅನ್ನುತ್ತಾಳೆ. ಆ ಬಿಸಿಲನ್ನು ಕಂಡರೆ ಈಗ ನನಗೆ ಭಯ.

ಗುಬ್ಬಿ


ಮಾರ್ಚ್ ೨೫

ಗುಬ್ಬೀ,

ಹದಿನೈದನೇ ತಾರೀಖಿನ ಕಾಗದ ಬಂತು. ಇದನ್ನು ನೀನು ಓದುವಾಗ ಅಮ್ಮ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಈ ಕಾಗದವನ್ನು ಅವಳಿಗೆ ಓದಬೇಡ.

ಸಾಹೇಬರನ್ನು ಆಡಿಕೊಂಡವನು ನಾನು. ಲೆಕ್ಕ ತಪ್ಪಿತು ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಹನ್ನೊಂದು ವರ್ಷದಿಂದ ಆ ಲೆಕ್ಕ ನನಗೆ ನಿದ್ದೆಯಲ್ಲೂ ತಪ್ಪಿಲ್ಲ. ನಿಜ ಹೇಳಲೇ? ಆ ಸಾಲು ಓದಿದ ಮೇಲೆ ನನಗೆ ಹಳದಿ ಇಳಿಯುವುದು ಬೇಡವಾಗಿತ್ತು. ಕಣ್ಣು ಸರಿಯಾದರೆ ಅವಳು ಮತ್ತೆ ಮೊದಲಿನ ಅಮ್ಮನಾಗುತ್ತಾಳೆ, 'ಪಾಪ' ಅಂದದ್ದನ್ನೂ ಹಿಂದೆ ತೆಗೆದುಕೊಳ್ಳುತ್ತಾಳೆ ಎಂದು ಹೆದರಿದೆ. ಅವಳ ಸಂಜೆ ಅವಳಿಗಿರಲಿ ಎಂದು ಬರೆದೆನಲ್ಲ, ಆ ಸಂಜೆ ನನಗೆ ಬೇಕಾಗಿತ್ತು. ನನಗೊಂದು ಒಳ್ಳೆಯ ಮಾತು ಸಿಗಲಿ ಎಂದು ಅಮ್ಮ ಇನ್ನೂ ಹತ್ತು ದಿನ ಮುಳುಗಿದ್ದರೆ ಇರಲಿ ಅಂದುಕೊಂಡೆ.

ಇನ್ನೊಂದು ಮಾತು. ಅವಳು ನನ್ನನ್ನು ಬೈಯುವುದು ನಿಲ್ಲಿಸಿ ಹನ್ನೊಂದು ವರ್ಷವಾಯಿತು. ಬೈಗುಳವೇ ಇಲ್ಲವಲ್ಲ, ನೋವೂ ಆರಿರಬೇಕು ಎಂದು ನಾನು ಅಂದುಕೊಂಡಿದ್ದೆ. ಒಂದು ಗೆರೆಯೂ ಇಳಿದಿರಲಿಲ್ಲ, ಗುಬ್ಬೀ. ಹೊಸದು ಬರುತ್ತಿರಲಿಲ್ಲ ನಿಜ. ಹಳೆಯದು ಹೊರಗೆ ಹೋಗಲು ದಾರಿಯೂ ಇರಲಿಲ್ಲ.

ನಿನ್ನೆ ಅಪ್ಪಣೆಗೆ ಕಾಯದೆ ಎರಡನೇ ಗೇಟು ತೆರೆದೆ. ಸಾಹೇಬರು ಏನು ಬೇಕಾದರೂ ಭಾವಿಸಿಕೊಳ್ಳಲಿ. ಬದಲಿ ಆಳು ಮುಂದಿನ ತಿಂಗಳು ಬರುತ್ತಾನಂತೆ. ಅಮ್ಮ ಉಳಿದರೆ, ಅವಳಿಗೆ ಬೇಸರವಿಲ್ಲದಿದ್ದರೆ, ಒಂದು ದಿನದ ಮಟ್ಟಿಗೆ ಬಂದು ನೋಡಿಕೊಂಡು ಹೋಗುತ್ತೇನೆ. ಹೆಚ್ಚು ಹೊತ್ತು ಇರುವುದಿಲ್ಲ.

ಅಣ್ಣ


ಏಪ್ರಿಲ್ ೬

ಮಗನೇ,

ಇದು ನಾನೇ ಬರೀತಿರೋದು. ಅಕ್ಷರ ವಾಲಾಡ್ತಿದ್ರೆ ಕೈಯದ್ದು, ಕಣ್ಣಿಂದಲ್ಲ. ಕಣ್ಣು ಸರಿಹೋಗಿದೆ. ಹದಿಮೂರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಎದುರು ಮನೆ ಬಾಗಿಲು ಬೂದಿ ಬಣ್ಣ. ಇಷ್ಟು ದಿನ ಎಂಥಾ ಚಿನ್ನದ ಬಾಗಿಲು ಅಂದ್ಕೊಂಡಿದ್ದೆ. ಸ್ವಲ್ಪ ಬೇಜಾರೇ ಆಯ್ತು.

ನಾಡಿ ಅರವತ್ನಾಲ್ಕಂತೆ. ಡಾಕ್ಟರು ಈಗ ಬಂದಾಗೆಲ್ಲಾ ಮೊದಲು ಬಚ್ಚಲ ಸಮಾಚಾರ ಕೇಳ್ತಾರೆ, ನಾಚಿಕೆ ಬಿಟ್ಟೋರು. ನಿನ್ನ ತಂಗಿ ಗಂಟೆಗೊಂದು ಸಲ ನೀರು ಕುಡಿಸಿ ಕುಡಿಸಿ ನನ್ನನ್ನೇ ನಿನ್ನ ಕೆರೆ ಮಾಡಿಟ್ಟಿದ್ದಾಳೆ. ಅವಳು ನೀಲಿ ಮಾಡಿ ಕೆಡಿಸಿರೋ ಉಣ್ಣೆ ಇಡೀ ರಾಶಿ ಇದೆ. "ನೀನೇ ಹೇಳಿದ್ದು" ಅಂತಾಳೆ. ನಾನು ಹೇಳಿದ್ರೆ ಇವಳಿಗೆ ಕಣ್ಣಿರ್ಲಿಲ್ವಾ?

ನಿನ್ನ ಕಾಗದ ನನಗೆ ಓದ್ಬೇಡ ಅಂತ ಬರೆದಿದ್ದೀಯ. ಅದಕ್ಕೇ ಅವಳು ಓದ್ಲಿಲ್ಲ, ನನ್ನ ಕೈಗೆ ಕೊಟ್ಲು. ನಾಲ್ಕು ಸಲ ಓದಿದೆ.

ಹಳದಿ ಹೋಯ್ತು. ನಾನು ಅಂದ ಮಾತು ಹೋಗಿಲ್ಲ. ಅದನ್ನ ಹನಿ ಆಡಿಸಿದ್ದಲ್ಲ, ನಾನೇ ಆಡಿದ್ದು. ಇಷ್ಟು ವರ್ಷ ಬಾಯಿಗೆ ಬರ್ಲಿಲ್ಲ, ಅಷ್ಟೇ. ಕಣ್ಣಿಲ್ಲದೋನು ಅಂತ ಎಲ್ಲರ ಮುಂದೆ ಅಂದಿದ್ದೆ, ಈಗ ತಂಗಿ ಮುಂದೆ ಮಾತ್ರ ತಪ್ಪಾಯ್ತು ಅಂದ್ರೆ ಸಾಲ್ದು ಅಂತ ಗೊತ್ತು. ರತ್ನಗಂಬಳಿಯೋರು ಬಂದಾಗ ಅವರ ಮುಂದೂ ಹೇಳ್ತೀನಿ, ನೀನು ಪಕ್ಕದಲ್ಲಿರು.

ನನ್ನ ಸಾಯಿಸೋಕೆ ಹೊರಟಿದ್ದೆ ಅಂತೆಲ್ಲಾ ಬರ್ಕೊಂಡು ಅಳ್ಬೇಡ. ಒಂದು ಒಳ್ಳೇ ಮಾತಿಗೆ ಹನ್ನೊಂದು ವರ್ಷ ಕಾದೋನು, ಅದು ಸಿಕ್ಕಾಗ ಹತ್ತು ದಿನ ಕೈಬಿಡ್ಲಿಲ್ಲ ಅಂದ್ರೆ ತಪ್ಪು ಅವನದೊಂದೇ ಅಲ್ಲ.

ಒಂದು ದಿನಕ್ಕೆ ಬರ್ತೀನಿ ಅಂತ ಬರೆದಿದ್ದೀಯ. ಒಂದು ದಿನದಲ್ಲಿ ಏನು ಇಳಿಯುತ್ತೆ? ಹಾಗೆ ಬರೋದಾದ್ರೆ ಬರ್ಲೇಬೇಡ. ಬಟ್ಟೆ ಹೆಚ್ಚು ತಗೊಂಡು ಬಾ.

ನಿನ್ನ ಅಮ್ಮ